ಫೈಲು ಈಗ ಯಾರ ಕೈಯಲ್ಲಿದೆ?

2018ರ ಮೇ ತಿಂಗಳಲ್ಲಿ ಇಡೀ ರಾಜ್ಯ ಬಾದಾಮಿ ಕ್ಷೇತ್ರದತ್ತ ನೋಡುತ್ತಿತ್ತು. ಗುಳೇದಗುಡ್ಡ, ಕೆರೂರು, ಬಾದಾಮಿಯ ಮತದಾರರ ಮುಂದೆ ಕೈಮುಗಿದು ನಿಂತವರು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಬಿಜೆಪಿಯ ಬಿ. ಶ್ರೀರಾಮುಲು. ಸಿದ್ದರಾಮಯ್ಯ 1,696 ಮತಗಳಿಂದ ಗೆದ್ದರು. ಮುಂದಿನ ಐದು ವರ್ಷ ಅವರು ನಮ್ಮ ಶಾಸಕರು. 2021ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಅವರ ಪತ್ನಿಗೆ 14 ಬದಲಿ ನಿವೇಶನ ಕೊಟ್ಟಾಗಲೂ ಅವರು ಬಾದಾಮಿಯ ಶಾಸಕರೇ; ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ.

2024ರ ಕೊನೆಯ ಹೊತ್ತಿಗೆ ಆ ಚುನಾವಣೆಯ ಎದುರಾಳಿಗಳಿಬ್ಬರೂ ಆರೋಪ ಎದುರಿಸುತ್ತಿದ್ದರು. ಸಿದ್ದರಾಮಯ್ಯನವರ ವಿರುದ್ಧ ಮುಡಾ ತನಿಖೆಗೆ ಅನುಮತಿ ಕೊಟ್ಟವರು ಕೇಂದ್ರದ ಬಿಜೆಪಿ ಸರ್ಕಾರದ ಅವಧಿಯಲ್ಲಿ ನೇಮಕಗೊಂಡ ರಾಜ್ಯಪಾಲರು. ಶ್ರೀರಾಮುಲು ವಿರುದ್ಧ ಕೋವಿಡ್ ಕಾಲದ ಪಿಪಿಇ ಕಿಟ್ ಖರೀದಿ ವಿಷಯದಲ್ಲಿ ಕಾನೂನು ಕ್ರಮಕ್ಕೆ ಶಿಫಾರಸು ಮಾಡಿದ್ದು ಕಾಂಗ್ರೆಸ್ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗ. ಇಬ್ಬರೂ ಆರೋಪ ಅಲ್ಲಗಳೆದರು. ಎರಡೂ ಪಕ್ಷಗಳು ಇದು ರಾಜಕೀಯ ದ್ವೇಷ ಎಂದವು. ನಮ್ಮ ಕಡೆ ಚಹಾದ ಅಂಗಡಿಯಲ್ಲಿ ಇಂಥ ಸುದ್ದಿ ಬಂದರೆ ಒಂದೇ ಮಾತಿಗೆ ಮುಗಿಯುತ್ತದೆ: "ಅದೆಲ್ಲಾ ರಾಜಕೀಯ ಬಿಡ್ರಿ."

ಆ "ಬಿಡ್ರಿ" ನನಗೆ ಒಪ್ಪಿಗೆಯಿಲ್ಲ. ರಾಜಕೀಯ ಇದೆ ಎಂದ ಮೇಲೆ ಬಿಡುವ ಬದಲು ಅದು ಎಲ್ಲಿ, ಯಾವ ಹಂತದಲ್ಲಿ, ಯಾರ ಸಹಿಯಲ್ಲಿ ಬಂತು ಎಂದು ಕೇಳಬೇಕು. ಇಳಕಲ್ ಸೀರೆ ನೇಯುವವರು ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಇಟ್ಟು ನಡುವೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ತನಿಖೆಯೂ ಹಾಗೆ ತುಂಡು ತುಂಡಾಗಿ ಜೋಡಿಸಿದ ಕೆಲಸ. ದೂರು, ಅನುಮತಿ, ತನಿಖೆ, ವರದಿ, ಮತ್ತೆ ಅನುಮತಿ, ನಂತರ ವಿಚಾರಣೆ. ಪಕ್ಷಪಾತ ಹೆಚ್ಚಾಗಿ ನುಸುಳುವುದು ಫೈಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಆ ಕೊಂಡಿಗಳಲ್ಲಿ. ಅವು ಯಾವುವು ಎಂದು ತಿಳಿದರೆ ಪತ್ರಿಕೆಯ ಸುದ್ದಿಯನ್ನು ಓದುವ ಬಗೆಯೇ ಬೇರೆಯಾಗುತ್ತದೆ.

ಯಾರ ಮೇಲೆ ಯಾರ ಹಿಡಿತ

ರಾಜಕಾರಣಿಯ ವಿರುದ್ಧ ತನಿಖೆ ಮಾಡಬಲ್ಲವರು ಕರ್ನಾಟಕದಲ್ಲಿ ಹಲವರಿದ್ದಾರೆ. ಸ್ಥಳೀಯ ಪೊಲೀಸ್ ಠಾಣೆ, ಸಿಐಡಿ ಮತ್ತು ಆಗಾಗ ರಚನೆಯಾಗುವ ವಿಶೇಷ ತನಿಖಾ ತಂಡ, ಅಂದರೆ ಎಸ್‌ಐಟಿ, ರಾಜ್ಯ ಸರ್ಕಾರದ ಗೃಹ ಇಲಾಖೆಗೆ ಸೇರಿದವು. ಸಿಬಿಐ ಮತ್ತು ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ., ಕೇಂದ್ರಕ್ಕೆ ಸೇರಿದವು. ಲೋಕಾಯುಕ್ತ ಇವೆರಡರಿಂದ ಸ್ವಲ್ಪ ದೂರ ನಿಂತಿದೆ. ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದ 1984ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯ ಮುಖ್ಯಸ್ಥರು ನಿವೃತ್ತ ನ್ಯಾಯಮೂರ್ತಿಗಳು. ಆದರೆ ಅದರ ಪೊಲೀಸ್ ವಿಭಾಗದಲ್ಲಿರುವವರು ರಾಜ್ಯ ಪೊಲೀಸ್ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು. ಅವಧಿ ಮುಗಿದ ಮೇಲೆ ಮತ್ತೆ ಗೃಹ ಇಲಾಖೆಗೇ ಮರಳುವವರು. ಹಾಲಿ ಮುಖ್ಯಮಂತ್ರಿಯ ವಿರುದ್ಧ ಇಂಥ ಅಧಿಕಾರಿ ತನಿಖೆ ಮಾಡಬೇಕಾಗಿ ಬಂದರೆ ಅನುಮಾನ ಹುಟ್ಟುವುದು ಸಹಜ. ಮುಡಾ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿ ಎಂಬ ಅರ್ಜಿಯ ಬೆನ್ನಿಗಿದ್ದದ್ದೂ ಇದೇ ವಾದ. 2025ರ ಫೆಬ್ರುವರಿ 7ರಂದು ಹೈಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಲೋಕಾಯುಕ್ತದ ಸ್ವಾಯತ್ತತೆಯನ್ನು ಅನುಮಾನಿಸಲು ಕಾರಣ ಕಾಣಲಿಲ್ಲ ಎಂಬುದು ಅದರ ನಿಲುವು.

ಹಿಡಿತ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಎಸಿಬಿಯ ಕತೆ ನಮ್ಮದೇ ಪಾಠ. 2015ರಲ್ಲಿ ಆಗಿನ ಲೋಕಾಯುಕ್ತರ ಮಗನ ಮೇಲೆಯೇ ಸುಲಿಗೆಯ ಆರೋಪ ಬಂದು ಸಂಸ್ಥೆಯ ಮಾನ ಮಣ್ಣುಪಾಲಾಯಿತು. ಅದನ್ನು ರಿಪೇರಿ ಮಾಡುವ ಬದಲು ಸಿದ್ದರಾಮಯ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಎಂಬ ಹೊಸ ಸಂಸ್ಥೆ ಮಾಡಿ, ಲೋಕಾಯುಕ್ತ ಪೊಲೀಸರಿಗಿದ್ದ ಅಧಿಕಾರ ಕಿತ್ತುಕೊಂಡಿತು. ಹೊಸ ದಳ ವರದಿ ಒಪ್ಪಿಸಬೇಕಾದದ್ದು ಮುಖ್ಯಮಂತ್ರಿಯ ಅಧೀನದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ. ತನಿಖೆಗೆ ಒಳಗಾಗಬಹುದಾದ ಸಚಿವ ಸಂಪುಟದ ಮುಖ್ಯಸ್ಥರ ಇಲಾಖೆಗೇ ತನಿಖೆ ಮಾಡುವವರು ಉತ್ತರ ಕೊಡಬೇಕಾದ ವ್ಯವಸ್ಥೆ ಇದು. ವಿರೋಧ ಪಕ್ಷದಲ್ಲಿದ್ದಾಗ ಬಿಜೆಪಿ ಇದನ್ನು ಖಂಡಿಸಿತು. 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಮೂರು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡಿತು. ಕೊನೆಗೆ 2022ರ ಆಗಸ್ಟ್ 11ರಂದು ಎಸಿಬಿಯನ್ನು ರದ್ದು ಮಾಡಿದ್ದು ಹೈಕೋರ್ಟ್. ಕಾಂಗ್ರೆಸ್ ಹುಟ್ಟಿಸಿದ್ದನ್ನು ನಡುವೆ ಬಂದ ಮೈತ್ರಿ ಸರ್ಕಾರವೂ ಬಿಜೆಪಿಯೂ ಸಾಕಿದವು. ಬಗ್ಗಿಸಬಹುದಾದ ತನಿಖಾ ಸಂಸ್ಥೆ ಕೈಯಲ್ಲಿರುವುದು ಅಧಿಕಾರಸ್ಥರೆಲ್ಲರಿಗೂ ಹಿತವೆನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಾನು ಕಂಡಿಲ್ಲ.

ಲೋಕಾಯುಕ್ತಕ್ಕೆ ಅಧಿಕಾರ ಮರಳಿದ ಕೆಲವೇ ತಿಂಗಳಲ್ಲಿ, 2023ರ ಮಾರ್ಚ್ 2ರಂದು, ಲೋಕಾಯುಕ್ತ ಪೊಲೀಸರು ಆಡಳಿತ ಪಕ್ಷದ ಚನ್ನಗಿರಿ ಶಾಸಕರೊಬ್ಬರ ಮಗನನ್ನು ₹40 ಲಕ್ಷ ಲಂಚ ಪಡೆದ ಆರೋಪದಲ್ಲಿ ಹಿಡಿದರು. ಚುನಾವಣೆಗೆ ಎರಡು ತಿಂಗಳಿತ್ತು. ರಾಜ್ಯದಲ್ಲಿದ್ದದ್ದು ಶಾಸಕರ ಪಕ್ಷದ್ದೇ ಸರ್ಕಾರ.

ಇದು ಸಾಧ್ಯವಾದದ್ದಕ್ಕೆ ಲಂಚ ಪಡೆಯುವಾಗಲೇ ಹಿಡಿಯುವ ಟ್ರ್ಯಾಪ್‌ನ ಸ್ವರೂಪವೂ ಕಾರಣ. ಟ್ರ್ಯಾಪ್ ಹೇಗೆ ನಡೆಯುತ್ತದೆ ನೋಡಿ. ದೂರುದಾರರು ತಂದ ನೋಟುಗಳ ನಂಬರು ಬರೆದುಕೊಂಡು, ಅವುಗಳಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಪುಡಿ ಕಣ್ಣಿಗೆ ಕಾಣುವುದಿಲ್ಲ. ಇಬ್ಬರು ಸರ್ಕಾರಿ ನೌಕರರನ್ನು ಪಂಚರನ್ನಾಗಿ ಕರೆಸುತ್ತಾರೆ. ಹಣ ಕೈ ಬದಲಾಯಿಸಿ ಸನ್ನೆ ಸಿಕ್ಕ ಕೂಡಲೇ ಒಳನುಗ್ಗಿ, ಹಣ ಪಡೆದವರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ. ನೋಟು ಮುಟ್ಟಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಯಲ್ಲಿ ತುಂಬಿ, ಸೀಲು ಮಾಡಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇಷ್ಟಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಿಲ್ಲ. ಸ್ಥಳದಲ್ಲೇ ಹಿಡಿಯುವ ಪ್ರಕರಣಗಳನ್ನು ಕಾನೂನು ಅದರಿಂದ ಹೊರಗಿಟ್ಟಿದೆ. ಫೈಲು ಮೇಜಿನಿಂದ ಮೇಜಿಗೆ ಅಲೆಯುವುದಿಲ್ಲ. ಗುಮಾಸ್ತ, ಎಂಜಿನಿಯರ್ ಮಟ್ಟದವರು ಟ್ರ್ಯಾಪ್‌ಗೆ ಬೀಳುವಷ್ಟು ಸಲೀಸಾಗಿ ದೊಡ್ಡ ಜನಪ್ರತಿನಿಧಿಗಳು ಬೀಳುವುದಿಲ್ಲ. ಅವರ ಮೇಲಿನ ಆರೋಪಗಳು ಸಾಮಾನ್ಯವಾಗಿ ನಿರ್ಧಾರಗಳಿಗೆ ಸಂಬಂಧಿಸಿದವು: ಭೂಮಿ ಡಿನೋಟಿಫಿಕೇಷನ್, ನಿವೇಶನ, ಗಣಿ ಗುತ್ತಿಗೆ, ಟೆಂಡರು. ಅಲ್ಲಿಂದ ಅನುಮತಿಯ ಮಾತು ಶುರುವಾಗುತ್ತದೆ.

ಅನುಮತಿ ಎಂಬ ಬಾಗಿಲು

ಭ್ರಷ್ಟಾಚಾರ ನಿಗ್ರಹ ಕಾಯ್ದೆಗೆ 2018ರ ಜುಲೈನಲ್ಲಿ ಸೇರಿದ ಕಲಂ 17ಎ ಪ್ರಕಾರ, ಸಾರ್ವಜನಿಕ ಸೇವಕರೊಬ್ಬರು ಅಧಿಕಾರದಲ್ಲಿದ್ದು ತೆಗೆದುಕೊಂಡ ನಿರ್ಧಾರ ಅಥವಾ ಮಾಡಿದ ಶಿಫಾರಸಿನ ಬಗ್ಗೆ ಪೊಲೀಸರು ತನಿಖೆ ಆರಂಭಿಸುವ ಮುನ್ನ ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಕಾರಣ ಬರೆದು ಇನ್ನೊಂದು ತಿಂಗಳು ಹೆಚ್ಚಿಸಬಹುದು. ತನಿಖೆ ಮುಗಿದ ಮೇಲೆ ಕಲಂ 19ರ ಅಡಿ ಮತ್ತೊಂದು ಅನುಮತಿ. ಅದಿಲ್ಲದೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ. ಪ್ರಾಮಾಣಿಕ ಅಧಿಕಾರಿಗಳು ಸುಳ್ಳು ದೂರಿಗೆ ಹೆದರಿ ಕೈಕಟ್ಟಿ ಕೂರಬಾರದು ಎಂಬುದು ಇದರ ಉದ್ದೇಶ. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಬಾಗಿಲ ಕೀಲಿ ಕೊಟ್ಟಿರುವುದು ರಾಜಕೀಯ ನೇಮಕವಾದವರ ಕೈಗೆ, ಇಲ್ಲವೇ ರಾಜಕೀಯ ಸರ್ಕಾರದ ಕೈಗೆ.

ಮುಖ್ಯಮಂತ್ರಿಯ ವಿಷಯದಲ್ಲಿ ಆ ಕೀಲಿ ರಾಜ್ಯಪಾಲರದು. ಕರ್ನಾಟಕದಲ್ಲಿ ಇದು ಹದಿಮೂರು ವರ್ಷಗಳ ಅಂತರದಲ್ಲಿ ಎರಡು ಸಲ ತಿರುಗಿತು. 2011ರ ಜನವರಿ 21ರಂದು ರಾಜ್ಯಪಾಲ ಹಂಸರಾಜ್ ಭಾರದ್ವಾಜ್, ಡಿನೋಟಿಫಿಕೇಷನ್ ಆರೋಪದ ಮೇಲೆ ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಮೊಕದ್ದಮೆಗೆ ಅನುಮತಿ ಕೊಟ್ಟರು. ಭಾರದ್ವಾಜ್ ಅದಕ್ಕೆ ಮೊದಲು ಕಾಂಗ್ರೆಸ್ ನೇತೃತ್ವದ ಕೇಂದ್ರ ಸರ್ಕಾರದಲ್ಲಿ ಕಾನೂನು ಸಚಿವರಾಗಿದ್ದವರು. ಮರುದಿನವೇ ಬಿಜೆಪಿ ರಾಜ್ಯ ಬಂದ್ ನಡೆಸಿತು. ರಾಜಭವನ ಕಾಂಗ್ರೆಸ್ ಕಚೇರಿಯಾಗಿದೆ ಎಂಬ ಧಾಟಿಯ ಟೀಕೆ ಎಲ್ಲೆಡೆ ಕೇಳಿತು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಮುಡಾ ವಿಷಯದಲ್ಲಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟರು. ಗೆಹಲೋತ್ ಅದಕ್ಕೆ ಮೊದಲು ಬಿಜೆಪಿ ನೇತೃತ್ವದ ಕೇಂದ್ರ ಸರ್ಕಾರದಲ್ಲಿ ಸಚಿವರಾಗಿದ್ದವರು. ಈ ಸಲ ಬೀದಿಗಿಳಿದದ್ದು ಕಾಂಗ್ರೆಸ್. ಹಳೆಯ ಪತ್ರಿಕೆಗಳನ್ನೂ ಹೊಸ ಪತ್ರಿಕೆಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವಾದಗಳು ಒಂದೇ, ಬಾಯಿಗಳು ಮಾತ್ರ ಅದಲುಬದಲು.

ಹಾಗಾದರೆ ರಾಜ್ಯಪಾಲರು ಸಂಪುಟದ ಸಲಹೆಯಂತೆ ನಡೆಯಬೇಕಲ್ಲವೇ? ಸಾಮಾನ್ಯವಾಗಿ ಹೌದು. ಆದರೆ ಮಧ್ಯಪ್ರದೇಶದ ಇಬ್ಬರು ಸಚಿವರ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ವಿನಾಯಿತಿ ಒಪ್ಪಿತು. ತನ್ನವರನ್ನು ತಾನೇ ತೀರ್ಮಾನಿಸಬೇಕಾದಾಗ ಸಂಪುಟ ಪಕ್ಷಪಾತಕ್ಕೆ ಒಳಗಾಗುವ ಸಂಭವವಿರುವುದರಿಂದ, ಅಂಥ ಸಂದರ್ಭದಲ್ಲಿ ರಾಜ್ಯಪಾಲರು ಸ್ವವಿವೇಚನೆಯಿಂದ ಅನುಮತಿ ಕೊಡಬಹುದು. ಸಂಪುಟದ ಪಕ್ಷಪಾತವನ್ನು ನ್ಯಾಯಾಲಯ ಒಪ್ಪಿದರೂ ರಾಜ್ಯಪಾಲರ ಪಕ್ಷಪಾತಕ್ಕೆ ಮದ್ದು ಏನು ಎಂಬ ಪ್ರಶ್ನೆ ಉಳಿಯಿತು. ಸದ್ಯಕ್ಕಿರುವ ಮದ್ದು ಒಂದೇ: ಅವರು ಆದೇಶದಲ್ಲಿ ಬರೆದ ಕಾರಣಗಳು ಹೈಕೋರ್ಟಿನ ಪರೀಕ್ಷೆಗೆ ನಿಲ್ಲಬೇಕು. ಮುಡಾದಲ್ಲಿ 2024ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ತನಿಖೆಯ ಅನುಮತಿಯನ್ನು ಎತ್ತಿಹಿಡಿಯಿತು. ಮರುದಿನ ವಿಶೇಷ ನ್ಯಾಯಾಲಯ ತನಿಖೆಗೆ ಆದೇಶಿಸಿತು. 27ರಂದು ಮೈಸೂರು ಲೋಕಾಯುಕ್ತ ಪೊಲೀಸರು ಎಫ್‌ಐಆರ್ ದಾಖಲಿಸಿದರು.

ರಾಜ್ಯಪಾಲರ ನಡೆಯಲ್ಲಿ ಪಕ್ಷಪಾತವಿದೆಯೇ ಎಂದು ಅಳೆಯಲು ಒಂದು ಒಳ್ಳೆಯ ಉಪಾಯವಿದೆ. ಅವರ ಮುಂದೆ ಬೇರೆ ಪಕ್ಷದವರ ವಿರುದ್ಧ ಯಾವ ಅರ್ಜಿಗಳು ಎಷ್ಟು ಕಾಲದಿಂದ ಕೂತಿವೆ ಎಂದು ನೋಡುವುದು. 2024ರಲ್ಲಿ ಕಾಂಗ್ರೆಸ್ ಎತ್ತಿದ್ದು ಇದೇ ಮಾತನ್ನು. ಕುಮಾರಸ್ವಾಮಿ, ಶಶಿಕಲಾ ಜೊಲ್ಲೆ, ಮುರುಗೇಶ ನಿರಾಣಿ, ಜನಾರ್ದನ ರೆಡ್ಡಿ ಅವರ ವಿರುದ್ಧದ ಅನುಮತಿ ಕೋರಿಕೆಗಳು ರಾಜಭವನದಲ್ಲೇ ಉಳಿದಿವೆ ಎಂದು ಅದು ದೂರಿತು. ಪಕ್ಷ ಹೇಳಿತು ಎಂಬ ಕಾರಣಕ್ಕೆ ಈ ಪ್ರಶ್ನೆಯನ್ನು ಕಡೆಗಣಿಸಬಾರದು. ಒಂದು ಫೈಲು ವಾರಗಳಲ್ಲಿ ಓಡಿ ಇನ್ನೊಂದು ವರ್ಷಗಟ್ಟಲೆ ಮಲಗಿದರೆ, ಆ ಅಂತರಕ್ಕೆ ಕಾರಣ ಕೇಳುವ ಹಕ್ಕು ನಮಗಿದೆ.

ದಿಲ್ಲಿಯ ಸಂಸ್ಥೆ, ಬೆಂಗಳೂರಿನ ಒಪ್ಪಿಗೆ

ಸಿಬಿಐ ಹುಟ್ಟಿದ್ದು 1946ರ ದಿಲ್ಲಿ ವಿಶೇಷ ಪೊಲೀಸ್ ಕಾಯ್ದೆಯ ಆಸರೆಯಲ್ಲಿ. ಅದರ 6ನೇ ಕಲಂ ಪ್ರಕಾರ ರಾಜ್ಯದೊಳಗೆ ಕೆಲಸ ಮಾಡಲು ಅದಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ನ್ಯಾಯಾಲಯವೇ ತನಿಖೆಗೆ ಆದೇಶಿಸಿದರೆ ಬೇಡ. ಡಿ.ಕೆ. ಶಿವಕುಮಾರ್ ಪ್ರಕರಣದಲ್ಲಿ ಈ ಒಪ್ಪಿಗೆ ಹೇಗೆ ಬಂತು, ಹೇಗೆ ಹೋಯಿತು ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ಒಪ್ಪಿಗೆ ಕೊಟ್ಟಿತು. 2020ರ ಅಕ್ಟೋಬರ್‌ನಲ್ಲಿ ಸಿಬಿಐ ಆದಾಯ ಮೀರಿದ ಆಸ್ತಿಯ ಎಫ್‌ಐಆರ್ ಹಾಕಿತು. 2023ರಲ್ಲಿ ಕಾಂಗ್ರೆಸ್ ಗೆದ್ದು ಶಿವಕುಮಾರ್ ಉಪಮುಖ್ಯಮಂತ್ರಿಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರದೇ ಸಂಪುಟ ಆ ಒಪ್ಪಿಗೆಯನ್ನು ಹಿಂಪಡೆಯಿತು. ಪ್ರಕರಣ ಲೋಕಾಯುಕ್ತಕ್ಕೆ ಹೋಯಿತು. ಆರೋಪ, ಆಸ್ತಿ, ವ್ಯಕ್ತಿ ಯಾವುದೂ ಬದಲಾಗಿರಲಿಲ್ಲ. ಸರ್ಕಾರ ಮಾತ್ರ ಬದಲಾಗಿತ್ತು. ಮುಂದೆ 2024ರ ಸೆಪ್ಟೆಂಬರ್ 26ರಂದು, ಮುಡಾ ತನಿಖೆಯ ಆದೇಶ ಬಂದ ಮರುದಿನ, ರಾಜ್ಯ ಸಂಪುಟ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನೇ ವಾಪಸ್ ಪಡೆಯಿತು.

ಇ.ಡಿ.ಗೆ ರಾಜ್ಯದ ಒಪ್ಪಿಗೆ ಬೇಡ. ಅದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ನಡೆಯುವ ಸಂಸ್ಥೆ. ಆದರೆ ಮೂಲದಲ್ಲಿ ಬೇರೊಂದು ಅಪರಾಧದ ಪ್ರಕರಣ ಇಲ್ಲದೆ ಅದು ನಿಲ್ಲಲಾರದು. ಶಿವಕುಮಾರ್ ವಿರುದ್ಧ ಇ.ಡಿ. 2018ರಲ್ಲಿ ಹೂಡಿದ್ದ ಪ್ರಕರಣ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಈ ತಳಪಾಯದ ಕೊರತೆಯಿಂದಲೇ. ಅಷ್ಟರಲ್ಲಿ ಅವರು 2019ರಲ್ಲಿ ಐವತ್ತು ದಿನ ಬಂಧನದಲ್ಲಿದ್ದು ಬಂದಿದ್ದರು. ಪ್ರಕ್ರಿಯೆಯೇ ಶಿಕ್ಷೆಯಾಗುವುದು ಹೀಗೆ. ಮುಡಾ ವಿಷಯದಲ್ಲಿ ಸಿದ್ದರಾಮಯ್ಯನವರ ಪತ್ನಿಗೆ ಇ.ಡಿ. ಕೊಟ್ಟಿದ್ದ ಸಮನ್ಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2025ರ ಜುಲೈ 21ರಂದು ಸುಪ್ರೀಂ ಕೋರ್ಟ್ ಇ.ಡಿ. ಮೇಲ್ಮನವಿಯನ್ನು ತಳ್ಳಿಹಾಕುವಾಗ, ರಾಜಕೀಯ ಕದನಗಳನ್ನು ಮತದಾರರ ಮುಂದೆ ನಡೆಸಿಕೊಳ್ಳಲಿ, ತನಿಖಾ ಸಂಸ್ಥೆ ಅದಕ್ಕೆ ಯಾಕೆ ಬಳಕೆಯಾಗಬೇಕು ಎಂಬ ಅರ್ಥದ ಖಾರದ ಮಾತು ಮುಖ್ಯ ನ್ಯಾಯಮೂರ್ತಿಗಳಿಂದ ಬಂತು.

ಒಂದೇ ಹಣ, ಎರಡು ಕತೆ

ಎರಡು ಸಂಸ್ಥೆಗಳು ಒಂದೇ ಘಟನೆಯನ್ನು ಹೇಗೆ ಬೇರೆಯಾಗಿ ಕಾಣುತ್ತವೆ ಎಂಬುದಕ್ಕೆ ವಾಲ್ಮೀಕಿ ನಿಗಮದ ಪ್ರಕರಣದಷ್ಟು ಸ್ಪಷ್ಟ ಉದಾಹರಣೆ ಬೇರೆ ಬೇಕಿಲ್ಲ. ಪರಿಶಿಷ್ಟ ಪಂಗಡದವರ ಏಳಿಗೆಗಾಗಿ ಇರುವ ನಿಗಮ ಅದು. 2024ರ ಮೇ ತಿಂಗಳಲ್ಲಿ ಅದರ ಲೆಕ್ಕಪತ್ರ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಶಿವಮೊಗ್ಗದಲ್ಲಿ ಪ್ರಾಣ ಕಳೆದುಕೊಂಡಾಗ, ನಿಗಮದ ಸುಮಾರು ₹90 ಕೋಟಿ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋದದ್ದು ಬಯಲಿಗೆ ಬಂತು. ಬಳ್ಳಾರಿಯ ಶಾಸಕ, ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು. ರಾಜ್ಯದ ಎಸ್‌ಐಟಿ ತನಿಖೆ ಮಾಡಿತು, ಇ.ಡಿ.ಯೂ ಮಾಡಿತು. ಜುಲೈನಲ್ಲಿ ಇ.ಡಿ. ನಾಗೇಂದ್ರ ಅವರನ್ನು ಬಂಧಿಸಿತು. ಆಗಸ್ಟ್‌ನಲ್ಲಿ ಎಸ್‌ಐಟಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು, ನಾಗೇಂದ್ರ ಹೆಸರಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಇ.ಡಿ. ಸಲ್ಲಿಸಿದ ದೂರಿನಲ್ಲಿ ಇಡೀ ಹಗರಣದ ಸೂತ್ರಧಾರಿ ಎಂದು ಹೇಳಿದ್ದೇ ನಾಗೇಂದ್ರ ಅವರನ್ನು. ಹಣದ ಒಂದು ಭಾಗ ಬಳ್ಳಾರಿ ಲೋಕಸಭಾ ಚುನಾವಣೆಗೆ ಹೋಯಿತು ಎಂದೂ ಅದು ಆರೋಪಿಸಿತು. ನಡುವೆ ಮುಖ್ಯಮಂತ್ರಿಯ ಹೆಸರು ಹೇಳುವಂತೆ ಇ.ಡಿ. ಅಧಿಕಾರಿಗಳು ಒತ್ತಾಯಿಸಿದರು ಎಂಬ ದೂರಿನ ಮೇಲೆ ಬೆಂಗಳೂರು ಪೊಲೀಸರು ಅವರ ಮೇಲೆಯೇ ಎಫ್‌ಐಆರ್ ಹಾಕಿದರು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಒಂದೇ ಬ್ಯಾಂಕ್ ಖಾತೆ, ಒಂದೇ ಹಣ. ರಾಜ್ಯದ ತಂಡಕ್ಕೆ ಕಾಣದ ಸಚಿವರು ಕೇಂದ್ರದ ತಂಡಕ್ಕೆ ಮುಖ್ಯ ಆರೋಪಿಯಾಗಿ ಕಂಡರು. ಯಾರದು ಸರಿ ಎಂಬುದನ್ನು ವಿಚಾರಣೆ ಹೇಳಬೇಕು. ಆದರೆ ಇಬ್ಬರ ವರದಿಗಳ ನಡುವಿನ ಈ ಕಂದಕವೇ ಒಂದು ಸಾಕ್ಷ್ಯ. ಇಬ್ಬರಲ್ಲಿ ಒಬ್ಬರಾದರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆ. ಹೀಗೆ ಎರಡು ಸಂಸ್ಥೆಗಳು ಒಂದೇ ವಿಷಯ ಹಿಡಿದಾಗ ಸುದ್ದಿ ಓದುವವರು ಮಾಡಬೇಕಾದ ಮೊದಲ ಕೆಲಸ ಹೆಸರುಗಳ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುವುದು. ಮೇಲೆ ಬರೆದ ತಿಂಗಳುಗಳಲ್ಲಿ ಬಡ ವಾಲ್ಮೀಕಿ ಕುಟುಂಬಗಳ ಹಣದ ಮಾತು ಎರಡೂ ಪಕ್ಷಗಳ ಬಾಯಲ್ಲಿ ಎಷ್ಟು ಕಡಿಮೆ ಬಂತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಅಂಕಿಗಳು ಏನು ಹೇಳುತ್ತವೆ

ದೇಶದ ಮಟ್ಟದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ 2022ರಲ್ಲಿ ಲೆಕ್ಕ ಹಾಕಿತ್ತು. 2014ರಿಂದ ಸಿಬಿಐ ಬಲೆಗೆ ಬಿದ್ದ 124 ಪ್ರಮುಖ ರಾಜಕಾರಣಿಗಳಲ್ಲಿ 118 ಮಂದಿ ವಿರೋಧ ಪಕ್ಷದವರು. ಅದಕ್ಕೆ ಹಿಂದಿನ ಯುಪಿಎ ಕಾಲದಲ್ಲಿ 72ರಲ್ಲಿ 43 ಮಂದಿ. ಇ.ಡಿ.ಯ ಲೆಕ್ಕದಲ್ಲೂ 121ರಲ್ಲಿ 115 ಮಂದಿ ವಿರೋಧ ಪಕ್ಷದವರು. ವಾಲುವಿಕೆ ಹಿಂದೆಯೂ ಇತ್ತು, ಈಗ ಬಹಳ ಕಡಿದಾಗಿದೆ. 2024ರ ಏಪ್ರಿಲ್‌ನಲ್ಲಿ ಅದೇ ಪತ್ರಿಕೆ, ತನಿಖೆ ಎದುರಿಸುತ್ತಿದ್ದು ಬಿಜೆಪಿ ಕಡೆ ಬಂದ 25 ವಿರೋಧ ಪಕ್ಷದ ನಾಯಕರಲ್ಲಿ 23 ಮಂದಿಗೆ ಒಂದಲ್ಲ ಒಂದು ಬಗೆಯ ನಿರಾಳ ಸಿಕ್ಕಿದ್ದನ್ನು ದಾಖಲಿಸಿತು. ನನಗೆ ಮೊದಲ ಅಂಕಿಗಿಂತ ಇದು ಹೆಚ್ಚು ಗಂಭೀರ. ವಿರೋಧ ಪಕ್ಷದವರು ಹಲವು ರಾಜ್ಯಗಳಲ್ಲಿ ಅಧಿಕಾರ ನಡೆಸಿದವರು, ತಪ್ಪು ಮಾಡಿಯೂ ಇರಬಹುದು ಎಂದು ಮೊದಲನೆಯದಕ್ಕೆ ಸಮಜಾಯಿಷಿ ಕೊಡಬಹುದು. ಪಕ್ಷ ಬದಲಿಸಿದ ಕೂಡಲೇ ಫೈಲು ತಣ್ಣಗಾಗುವುದಕ್ಕೆ ಅಂಥ ಸಮಜಾಯಿಷಿ ಇಲ್ಲ. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ಹತ್ತು ವರ್ಷಗಳಲ್ಲಿ ಇ.ಡಿ. ರಾಜಕಾರಣಿಗಳ ವಿರುದ್ಧ ಹಾಕಿದ 193 ಪ್ರಕರಣಗಳಲ್ಲಿ ಶಿಕ್ಷೆಯಾದದ್ದು ಎರಡರಲ್ಲಿ.

ಪಕ್ಷಪಾತವಿದ್ದರೆ ಪ್ರಕರಣ ಸುಳ್ಳೇ?

ಅಲ್ಲ. ಇದನ್ನು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 1987ರ ಶಿವನಂದನ್ ಪಾಸ್ವಾನ್ ಪ್ರಕರಣದಲ್ಲಿ, ದೂರುದಾರರ ಮನಸ್ಸಿನಲ್ಲಿ ರಾಜಕೀಯ ದ್ವೇಷವಿದ್ದರೂ ಸಾಕ್ಷ್ಯ ಗಟ್ಟಿಯಾಗಿದ್ದರೆ ಮೊಕದ್ದಮೆ ಬಿದ್ದುಹೋಗುವುದಿಲ್ಲ ಎಂಬ ನಿಲುವು ಬಂತು. ಹರಿಯಾಣದ ಮಾಜಿ ಮುಖ್ಯಮಂತ್ರಿ ಭಜನ್‌ಲಾಲ್ ಪ್ರಕರಣದಲ್ಲಿ, ಎಫ್‌ಐಆರ್ ರದ್ದು ಮಾಡಬಹುದಾದ ಏಳು ಸಂದರ್ಭಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು. ಕೊನೆಯದು ಸ್ಪಷ್ಟ ದುರುದ್ದೇಶ, ಸೇಡು. ಆದರೂ ಆ ಅಧಿಕಾರವನ್ನು ಅಪರೂಪಕ್ಕೆ ಬಳಸಬೇಕು ಎಂದೇ ಅದು ಎಚ್ಚರಿಸಿತು.

ಗಂಗಾವತಿಯ ಜನಾರ್ದನ ರೆಡ್ಡಿ ಅವರ ಓಬಳಾಪುರಂ ಗಣಿ ಪ್ರಕರಣ ಇದನ್ನು ತೋರಿಸುತ್ತದೆ. ಸಿಬಿಐ ಪ್ರಕರಣ ದಾಖಲಿಸಿದ್ದು 2009ರಲ್ಲಿ, ಬಂಧಿಸಿದ್ದು 2011ರ ಸೆಪ್ಟೆಂಬರ್ 5ರಂದು. ಕೇಂದ್ರದಲ್ಲಿ ಆಗ ಕಾಂಗ್ರೆಸ್. ಹೈದರಾಬಾದಿನ ಸಿಬಿಐ ನ್ಯಾಯಾಲಯ ಏಳು ವರ್ಷ ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು. ಕೇಂದ್ರದಲ್ಲಿ ಆಗ ಬಿಜೆಪಿ, ರೆಡ್ಡಿ ಬಿಜೆಪಿಗೆ ಮರಳಿದ ಶಾಸಕರು. ಮುಂದೆ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇನ್ನೊಂದು ಕಡೆ, ಗಣಿ ಕಂಪನಿಯಿಂದ ಕಿಕ್‌ಬ್ಯಾಕ್ ಪಡೆದ ಆರೋಪದಲ್ಲಿ ಯಡಿಯೂರಪ್ಪನವರ ವಿರುದ್ಧ ಸಿಬಿಐ ಹೂಡಿದ್ದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಎಲ್ಲರೂ ಖುಲಾಸೆಯಾದರು. ಎರಡೂ ತನಿಖೆಗಳು ಒಂದೇ ಕಾಲದ ಗಣಿ ಗದ್ದಲದಿಂದ ಹುಟ್ಟಿದವು, ಎರಡನ್ನೂ ರಾಜಕೀಯ ಎಂದರು, ತೀರ್ಪು ಮಾತ್ರ ಬೇರೆ ಬೇರೆ.

ಅಮೆರಿಕದಲ್ಲಿ 2016ರ ಟ್ರಂಪ್ ಪ್ರಚಾರ ತಂಡದ ಮೇಲಿನ ಎಫ್‌ಬಿಐ ತನಿಖೆಯನ್ನು ಅಲ್ಲಿನ ನ್ಯಾಯ ಇಲಾಖೆಯ ಮಹಾ ಪರಿವೀಕ್ಷಕರು ಪರಿಶೀಲಿಸಿ 2019ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ತನಿಖೆ ಆರಂಭಿಸಿದ್ದರಲ್ಲಿ ರಾಜಕೀಯ ಪಕ್ಷಪಾತದ ದಾಖಲೆ ಸಿಗಲಿಲ್ಲ. ಕಣ್ಗಾವಲಿಗಾಗಿ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಗಳಲ್ಲಿ ಮಾತ್ರ 17 ಗಂಭೀರ ತಪ್ಪು ಮತ್ತು ಲೋಪಗಳು ಸಿಕ್ಕವು. ಅಧಿಕಾರಿಯ ಎದೆಯೊಳಗೆ ಏನಿದೆ ಎಂದು ಹುಡುಕುವುದಕ್ಕಿಂತ ಅವರು ಬರೆದ ಕಾಗದವನ್ನು ಸಾಲುಸಾಲಾಗಿ ಓದುವುದು ಹೆಚ್ಚು ಫಲ ಕೊಡುತ್ತದೆ. ನಮ್ಮಲ್ಲಿ ಅಂಥ ಒಳಗಿನ ಪರಿಶೀಲನೆಯ ವ್ಯವಸ್ಥೆ ಇಲ್ಲ. ಇರಬೇಕು.

ಮುಚ್ಚುವ ಬಗೆ

ಪಕ್ಷಪಾತ ಎಂದರೆ ಸೇಡಿನ ತನಿಖೆ ಎಂದೇ ಎಲ್ಲರೂ ತಿಳಿಯುತ್ತಾರೆ. ತಮ್ಮವರನ್ನು ಉಳಿಸುವ ಪಕ್ಷಪಾತ ಅದಕ್ಕಿಂತ ಸದ್ದಿಲ್ಲದೆ ಕೆಲಸ ಮಾಡುತ್ತದೆ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ ಶಾಸಕರು, ಸಂಸದರು ಒಳಗೊಂಡ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶ ಮಾಡಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣ ಹಿಂಪಡೆಯಲು ಹೊರಟಿತು; 2025ರ ಮೇ 29ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಶಾಸಕ, ಸಂಸದರ ವಿರುದ್ಧದ ಯಾವ ಪ್ರಕರಣವನ್ನೂ ಹೈಕೋರ್ಟ್ ಒಪ್ಪಿಗೆಯಿಲ್ಲದೆ ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ರಂದೇ ಹೇಳಿಯಾಗಿದೆ.

ಇನ್ನೊಂದು ದಾರಿ ಬಿ ರಿಪೋರ್ಟ್. ಸಾಕ್ಷ್ಯ ಸಿಗಲಿಲ್ಲ ಎಂದು ತನಿಖಾಧಿಕಾರಿ ಸಲ್ಲಿಸುವ ಮುಕ್ತಾಯ ವರದಿ ಅದು. ಮುಡಾದಲ್ಲಿ 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಿದ್ದರಾಮಯ್ಯ ಮತ್ತು ಪತ್ನಿಯ ವಿಷಯದಲ್ಲಿ ಕೊಟ್ಟದ್ದು ಅದನ್ನೇ. ದೂರುದಾರರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಪತ್ರಿಕೆಗಳು 'ಕ್ಲೀನ್ ಚಿಟ್' ಎಂದು ಬರೆಯುವುದು ಇಂಥ ವರದಿಗೇ. ಆದರೆ ಅದು ಪೊಲೀಸರ ಅಭಿಪ್ರಾಯ ಮಾತ್ರ. ನ್ಯಾಯಾಧೀಶರು ಒಪ್ಪಬಹುದು, ತಿರಸ್ಕರಿಸಬಹುದು, ಇನ್ನಷ್ಟು ತನಿಖೆ ಮಾಡಿ ಎನ್ನಬಹುದು.

ಎಫ್‌ಐಆರ್ ಕೈಗೆ ಸಿಕ್ಕರೆ ಏನು ನೋಡಬೇಕು? ದಾಖಲಾದ 24 ಗಂಟೆಯೊಳಗೆ ಅದು ಪೊಲೀಸ್ ಜಾಲತಾಣಕ್ಕೆ ಬರಬೇಕು ಎಂಬುದು 2016ರ ಸುಪ್ರೀಂ ಕೋರ್ಟ್ ಆದೇಶ. ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಮೊದಲು ಘಟನೆ ನಡೆದ ದಿನ ಮತ್ತು ಠಾಣೆಗೆ ಮಾಹಿತಿ ಬಂದ ದಿನ, ಇವೆರಡರ ಅಂತರ ನೋಡಿ. ಆಮೇಲೆ ವಿಳಂಬಕ್ಕೆ ಕಾರಣ ಎಂಬ ಅಂಕಣ. ವರ್ಷಗಟ್ಟಲೆ ಹಳೆಯ ಘಟನೆಗೆ ಸರ್ಕಾರ ಬದಲಾದ ಮೇಲೆ ದೂರು ಬಂದು, ಆ ಅಂಕಣ ಖಾಲಿ ಬಿದ್ದಿದ್ದರೆ ಅಲ್ಲಿ ಪ್ರಶ್ನೆಯಿದೆ. ನಂತರ ಯಾರ ಹೆಸರಿದೆ, ಯಾರ ಹೆಸರಿಲ್ಲ. ಆದೇಶಕ್ಕೆ ಸಹಿ ಹಾಕಿದವರೆಲ್ಲ ಇದ್ದಾರೆಯೇ, ಒಬ್ಬರನ್ನೇ ಆರಿಸಿದ್ದಾರೆಯೇ. ಕೊನೆಗೆ ತನಿಖಾಧಿಕಾರಿಯ ಹೆಸರು ಬರೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಅದೇ ಅಧಿಕಾರಿ ಇದ್ದಾರೆಯೇ ಎಂದು ವಿಚಾರಿಸಿ. ಠಾಣಾಧಿಕಾರಿ, ಎಸ್‌ಪಿಗಳಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಧಿ ಇರಲಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ಸುಮ್ಮನೆ ಅಲ್ಲ. ತನಿಖೆ ಕೆಡಿಸಲು ಸಾಕ್ಷಿ ತಿರುಚಬೇಕಿಲ್ಲ, ಒಂದು ವರ್ಗಾವಣೆ ಆದೇಶ ಸಾಕು.

ಇದೆಲ್ಲ ಮುಖ್ಯಮಂತ್ರಿಗಳಿಗೆ ಮಾತ್ರ ಅನ್ವಯಿಸುವ ಕಾನೂನಲ್ಲ. ಗುಳೇದಗುಡ್ಡ ಪುರಸಭೆಯ ಕಾಮಗಾರಿಯಲ್ಲೋ ಗ್ರಾಮ ಪಂಚಾಯಿತಿಯ ಬಿಲ್ಲಿನಲ್ಲೋ ಅಕ್ರಮ ಕಂಡವರಿಗೂ ಇದೇ ದಾರಿ. ಲೋಕಾಯುಕ್ತಕ್ಕೆ ದೂರು ಕೊಡಲು ನಮೂನೆ 1, ಜೊತೆಗೆ ಪ್ರಮಾಣಪತ್ರಕ್ಕೆ ನಮೂನೆ 2 ತುಂಬಬೇಕು. ಭ್ರಷ್ಟಾಚಾರದ ಆರೋಪವಾದರೆ ಘಟನೆ ನಡೆದ ಐದು ವರ್ಷದೊಳಗೆ, ಬರೀ ಕುಂದುಕೊರತೆಯಾದರೆ ಅದು ನಿಮಗೆ ತಿಳಿದ ಆರು ತಿಂಗಳೊಳಗೆ ಕೊಡಬೇಕು. ಲಂಚ ಕೇಳುತ್ತಿದ್ದಾರೆ ಎಂದಾದರೆ ನಮೂನೆ ಹುಡುಕುತ್ತಾ ಕೂರದೆ ನೇರವಾಗಿ ಬಾಗಲಕೋಟೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಟ್ರ್ಯಾಪ್ ಮಾಡುವವರು ಅವರೇ. ದೂರಿನಲ್ಲಿ ವಿಶೇಷಣಗಳನ್ನು ಬಿಟ್ಟು ದಿನಾಂಕ, ಮೊತ್ತ, ಆದೇಶದ ಸಂಖ್ಯೆ ಬರೆಯಿರಿ. ಎದುರಾಳಿ ಬಣದ ಮುಖಂಡರ ಕೈಯಲ್ಲಿ ದೂರು ಬರೆಸಬೇಡಿ. ನಾಳೆ ಅದು ರಾಜಕೀಯ ಎನ್ನಲು ನೀವೇ ದಾರಿ ಮಾಡಿಕೊಟ್ಟಂತೆ. ಸ್ವೀಕೃತಿ ಪತ್ರ ಜೋಪಾನ ಮಾಡಿ.

ನಿಮ್ಮ ದೂರಿನಿಂದ ಎಫ್‌ಐಆರ್ ಆಗಿ, ಒಂದು ದಿನ ಬಿ ರಿಪೋರ್ಟ್ ಹಾಕಿದರೆ, ಅದನ್ನು ಒಪ್ಪುವ ಮುನ್ನ ನ್ಯಾಯಾಲಯ ನಿಮಗೆ ನೋಟಿಸ್ ಕೊಡಲೇಬೇಕು. 1985ರ ಭಗವಂತ್ ಸಿಂಗ್ ತೀರ್ಪಿನಿಂದ ಇದು ದೂರುದಾರರ ಹಕ್ಕು. ನೋಟಿಸಿನಲ್ಲಿ ಹೇಳಿದ ದಿನ ತಪ್ಪಿಸದೆ ಹಾಜರಾಗಿ ವರದಿಯ ಪ್ರತಿ ಕೇಳಿ ಪಡೆಯಿರಿ. ಯಾವ ಸಾಕ್ಷಿಯನ್ನು ಮಾತಾಡಿಸಿಲ್ಲ, ಯಾವ ಕಡತ ತರಿಸಿಲ್ಲ ಎಂದು ಒಂದೊಂದಾಗಿ ಬರೆದು ತಕರಾರು ಅರ್ಜಿ ಸಲ್ಲಿಸಿ. ಬಾಗಲಕೋಟೆಯ ನ್ಯಾಯಾಲಯ ಅದನ್ನು ತಳ್ಳಿದರೆ ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ.